ಮನೆಗಾಡಿಯ ಒರಳುಕಲ್ಲು

ಯಡಿಯೂರಿನ ತಿಮ್ಮರಾಯಪ್ಪನಿಗೆ ಎರಡು ವಾಹನಗಳಿದ್ದವು: ಒಂದು ಹೊಟ್ಟೆಪಾಡಿಗೆ, ಇನ್ನೊಂದು ಊರಿನವರ ಬಾಯಿಚಪಲಕ್ಕೆ.

ಹೊಟ್ಟೆಪಾಡಿನದು ಪಿಕಪ್ಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ. ಬಣ್ಣ ಹಸಿರೋ ಮಣ್ಣೋ ಎಂದು ಹೇಳುವಂತಿರಲಿಲ್ಲ, ಆದರೆ ನಾಲ್ಕು ಚಕ್ರಕ್ಕೂ ಎಳೆತವಿದ್ದ ಗಟ್ಟಿ ಪಿಂಡ. ಜಯನಗರದಲ್ಲಿ ಆಗ ಬೀದಿಯ ಪಕ್ಕ ಬೀದಿ ಏಳುತ್ತಿತ್ತು. ಇಟ್ಟಿಗೆ, ಚಪ್ಪಡಿ, ಬಾಗಿಲ ಚೌಕಟ್ಟು ಸಾಗಿಸಲು ಎತ್ತಿನಗಾಡಿಗಳು ಸಾಲದೆ ಜನ ತಿಮ್ಮರಾಯಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ದುಡಿಯುವ ಗಾಡಿಯ ಬಗ್ಗೆ ಯಾರು ತಾನೆ ಏನು ಮಾತಾಡಿಯಾರು?

ಮಾತೆಲ್ಲ ಎರಡನೆಯದರ ಮೇಲೆ. ದಂಡಿನ ಬಂಗಲೆಯೊಂದರಲ್ಲಿದ್ದ ಬಿಳಿಯ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಕಾಂಪೌಂಡಿನಲ್ಲೇ ಬಿಟ್ಟುಹೋಗಿದ್ದ ಗಾಡಿ ಅದು. ಎರಡು ಚಕ್ರದ ಮೇಲೊಂದು ಪುಟ್ಟ ಮನೆ. ಒಳಗೆ ಗೋಡೆಯುದ್ದಕ್ಕೆ ಹಲಗೆಯ ಮಂಚ, ಎರಡು ಕಿಟಕಿ, ಹಿಂದುಗಡೆ ಒಂದು ಬಾಗಿಲು. ಮುಂದೆ ಮೂತಿಯ ಹಾಗೆ ಚಾಚಿಕೊಂಡ ಕಬ್ಬಿಣದ ತೋಳು. ಆ ತೋಳನ್ನು ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿದರೆ ಮನೆಗೆ ಮನೆಯೇ ಹಿಂದೆ ಬರುತ್ತಿತ್ತು. ಯಡಿಯೂರಿನ ಕೆರೆ ಏರಿಯ ಮೇಲೆ ಅದು ಮೊದಲ ಸಲ ಬಂದಾಗ ನೀರಿಗೆ ಬಂದಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನಕ್ಕರು. ಅವತ್ತಿನಿಂದ ತಿಮ್ಮರಾಯಪ್ಪನಿಗೆ ಬಸವನಹುಳ ಎಂದೇ ಹೆಸರಾಯಿತು.

ನಗುವವರು ನಗಲಿ ಎಂದು ಅವನು ಆ ಮನೆಗಾಡಿಯನ್ನು ತಂದದ್ದು ಹೆಂಡತಿಗಾಗಿ. ಗೌರಮ್ಮ ಅವನ ಅಕ್ಕ ಸೊಣ್ಣಮ್ಮನ ಮಗಳು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ. ಆದರೆ ತಿಮ್ಮರಾಯಪ್ಪ ಅವಳನ್ನು ತಂದುಕೊಂಡದ್ದು ಬರೀ ಪದ್ಧತಿಗಲ್ಲ. ಅವ್ವ ಸತ್ತ ಮೇಲೆ ಅವನನ್ನು ಸಾಕಿದ್ದೇ ಅಕ್ಕ. ಕಗ್ಗಲೀಪುರದ ಅವಳ ಮನೆಯಲ್ಲಿ ಅವನು ಉಂಡು ಬೆಳೆಯುವಾಗ ಗೌರಿ ಅವನ ಹೆಗಲ ಮೇಲೆ ಕೂತು ಹುಣಸೆಕಾಯಿ ಕೀಳುತ್ತಿದ್ದಳು. ದೊಡ್ಡವಳಾದ ಮೇಲೂ ಅವಳಿಗೆ ಅವನು ಮಾವನೇ. ಮದುವೆಯಾದ ಮೇಲೂ ಮಾವನೇ.

ಗೌರಿಗೆ ಊರು ನೋಡುವ ಹುಚ್ಚು, ಹೋಟೆಲಿನ ಅನ್ನವೆಂದರೆ ವಾಕರಿಕೆ. ಈ ಎರಡನ್ನೂ ಒಂದೇ ಹೆಂಗಸಿನೊಳಗೆ ಇಟ್ಟ ದೇವರಿಗೆ ತಿಮ್ಮರಾಯಪ್ಪ ಕಂಡುಹಿಡಿದ ಉತ್ತರ ಈ ಮನೆಗಾಡಿ. ಅದರಲ್ಲಿ ಅವರು ಮುತ್ತತ್ತಿಗೆ ಹೋಗಿ ಬಂದರು, ಶಿವನಸಮುದ್ರಕ್ಕೆ ಹೋಗಿ ಬಂದರು. ದಾರಿಯ ಪಕ್ಕ ಮರದ ನೆರಳಲ್ಲಿ ನಿಲ್ಲಿಸಿ ಅವಳು ಮುದ್ದೆ ತೊಳಸುವಳು, ಇವನು ಚಕ್ರಕ್ಕೆ ಕಲ್ಲು ಕೊಟ್ಟು ಪಕ್ಕದಲ್ಲಿ ಕೂತು ನೋಡುವನು. ಅಷ್ಟು ಸುಖಪಟ್ಟ ಗಂಡುಹೆಣ್ಣು ಆ ರಸ್ತೆಯಲ್ಲಿ ಮತ್ತೆ ಯಾರೂ ಓಡಾಡಿರಲಿಕ್ಕಿಲ್ಲ ಎಂದೇ ನನಗನ್ನಿಸುತ್ತದೆ.

ಇಂಥ ಗಾಡಿಯನ್ನು ಎಳೆಯುವ ವಿದ್ಯೆ ಅವನಿಗೆ ಹೇಳಿಕೊಟ್ಟವನು ಗುರುಶಾಂತಪ್ಪ. ಮಿಲಿಟರಿಯಲ್ಲಿ ಲಾರಿಗೆ ಫಿರಂಗಿ ಕಟ್ಟಿ ಎಳೆದು ಬಂದು ಬನಶಂಕರಿ ಗುಡಿಯ ಹತ್ತಿರ ಗ್ಯಾರೇಜು ಹಾಕಿಕೊಂಡಿದ್ದ ಮನುಷ್ಯ. ಬಾಯಿ ಬಿಟ್ಟರೆ ಬೈಗುಳ, ಕೈ ಇಟ್ಟರೆ ಕೆಲಸ.

"ಎಳಿಯೋದು ಯಾವ ಕತ್ತೆ ಬೇಕಾದ್ರೂ ಎಳೀತದೆ," ಎಂದಿದ್ದ ಅವನು. "ಹಿಂದೆ ಬರೋದು ನೆಟ್ಟಗೆ ಬರ್ಬೇಕಲ್ಲ. ಮೂತಿ ಕಡೆ ಭಾರ ಇರ್ಬೇಕು, ಬಾಲ ಹಗುರ ಇರ್ಬೇಕು. ಬಾಲದಾಗೆ ಭಾರ ತುಂಬಿದ್ಯೋ, ಅದು ಅಲ್ಲಾಡೋಕ್ ಶುರು ಮಾಡ್ತದೆ. ಒಂದ್ ಸಲ ಶುರುವಾದ್ರೆ ನಿನ್ನ ಪಿಕಪ್ಪನ್ನೂ ಹಿಡ್ಕೊಂಡು ಕುಣಿಸ್ತದೆ. ಆಗ ಬ್ರೇಕ್ ತುಳಿದ್ಯಾ, ಮುಗೀತು. ಕಾಲು ತೆಗ್ದು ಸುಮ್ನೆ ನಿಧಾನ ಆಗೋಕೆ ಬಿಡ್ಬೇಕು."

ಅದಕ್ಕೇ ತಿಮ್ಮರಾಯಪ್ಪ ಗಾಡಿಯ ಮೂತಿಯ ಒಳಬದಿಯಲ್ಲಿ, ನೆಲದ ಹಲಗೆಯ ಮೇಲೆ, ಒಂದು ಒರಳುಕಲ್ಲನ್ನು ಕೂರಿಸಿ ಹಗ್ಗ ಬಿಗಿದಿದ್ದ. ಇಬ್ಬರು ಗಂಡಸರು ಉಸಿರು ಕಟ್ಟಿ ಎತ್ತಬೇಕು, ಅಂಥ ಕಲ್ಲು. ಹೋದ ಊರಲ್ಲೆಲ್ಲ ಗೌರಿಗೆ ಚಟ್ನಿ ರುಬ್ಬಲಿಕ್ಕೂ ಆಯಿತು, ಗಾಡಿ ನೆಟ್ಟಗೆ ಬರಲಿಕ್ಕೂ ಆಯಿತು.

"ಎಲ್ಲಾರೂ ಹೆಂಡ್ರಿಗೆ ಒಡವೆ ತರ್ತಾರೆ. ನಮ್ಮಾವ ಕಲ್ಲು ತಂದವ್ನೆ," ಎಂದು ಅವಳು ಛೇಡಿಸುತ್ತಿದ್ದಳು. ಆದರೆ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಡುವುದನ್ನು ಮರೆಯುತ್ತಿರಲಿಲ್ಲ.

ಗೌರಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ತಿಮ್ಮರಾಯಪ್ಪ ಅವಳನ್ನು ಮನೆಗಾಡಿಯಲ್ಲೇ ಮಲಗಿಸಿಕೊಂಡು ಕಗ್ಗಲೀಪುರಕ್ಕೆ ಬಿಟ್ಟುಬಂದ. ಗಾಡಿಯನ್ನೂ ಅಕ್ಕನ ಹಿತ್ತಲಲ್ಲೇ ಬಿಟ್ಟ. ಅಕ್ಕನ ಮನೆ ಇಕ್ಕಟ್ಟು, ಬಾಣಂತಿಗೆ ಗಾಳಿ ಬೆಳಕು ಇರುವ ಕೋಣೆ ಇರಲಿ ಎಂದು. ಬರೀ ಪಿಕಪ್ಪಿನಲ್ಲಿ ವಾಪಸು ಬರುವಾಗ ಅವನಿಗೆ ಹಿಂದೆ ಏನೋ ಕಳಕೊಂಡು ಬಂದ ಹಾಗೆ ಆಗುತ್ತಿತ್ತು. ಆದರೂ ಅಪ್ಪನಾಗುತ್ತೇನೆಂಬ ಖುಷಿಗೆ ಒಬ್ಬನೇ ಹಲ್ಲು ಬಿಟ್ಟುಕೊಂಡು ಗಾಡಿ ಹೊಡೆದ.

ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತು. ಓಡಿ ಹೋಗಿ ನೋಡಿ ಬಂದ. ಮೂಗು ನಂದು ಎಂದು ಅಕ್ಕ ಅಂದಳು. ಇಲ್ಲ, ಮಾವನದು ಎಂದು ಗೌರಿ ಅಂದಳು.

ಅದೇ ವಾರ ಪಿಕಪ್ಪು ಸದ್ದು ಮಾಡಲು ಶುರುಮಾಡಿತು. ನಿಂತ ಗಾಡಿಯನ್ನು ಮುಂದಕ್ಕೆ ಎಳೆದ ಕೂಡಲೇ ಹೊಟ್ಟೆಯ ಕೆಳಗಿಂದ ಟಣ್ ಎನ್ನುವುದು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಇರುತ್ತದಲ್ಲ, ಅದರ ತುದಿಗೆ ಮೊಣಕಾಲ ಕೀಲಿನಂತೆ ಬಾಗಿ ತಿರುಗುವ ಒಂದು ತುಂಡಿದೆ. ಮೆಕ್ಯಾನಿಕ್ಕುಗಳು ಅದನ್ನು ಕ್ರಾಸು ಅನ್ನುತ್ತಾರೆ. ಗುರುಶಾಂತಪ್ಪ ಗಾಡಿಯ ಕೆಳಗೆ ನುಸುಳಿ ಶಾಫ್ಟನ್ನು ಕೈಯಿಂದ ಆಚೀಚೆ ಅಲ್ಲಾಡಿಸಿ ನೋಡಿದ.

"ಕ್ರಾಸು ಸವೆದದೆ ತಿಮ್ಮರಾಯಪ್ಪ. ಈ ಅಳತೇದು ಹೊಸದು ಎಲ್ಲೂ ಸಿಗಂಗಿಲ್ಲ, ಗುಜರಿಯಾಗೆ ಹೇಳಿಟ್ಟೀನಿ. ಬರೋಗಂಟ ಹಗುರಕ್ಕೆ ಓಡಿಸ್ಕೋ. ಒಂದೇ ಸಮ ಹೋದ್ರೆ ಏನೂ ಆಗಾಂಗಿಲ್ಲ. ನಿಲ್ಸಿ ನಿಲ್ಸಿ ಎಳೆದ್ಯಾ, ಎಳೆದಾಗೆಲ್ಲ ಅದರ ಮ್ಯಾಲೆ ಏಟು ಬೀಳ್ತದೆ."

"ನಡುದಾರೀಲಿ ಮುರುದ್ರೆ?"

"ಮುರುದ್ರೆ ಹಿಂದಿನ ಶಾಫ್ಟ್ ಬಿಚ್ಚಿ ಬಿಸಾಕು. ಮುಂದಿನ ಚಕ್ರಕ್ಕೆ ಗೇರ್ ಹಾಕ್ಕೊಂಡು ಬಾ. ಮಿಲಿಟರಿ ಗಾಡಿ ಇದು, ಮುಂದಿನ ಕಾಲಿನಾಗೂ ನಡೀತದೆ."

ಹೊಸ ಕ್ರಾಸು ಬರುವ ಮೊದಲೇ ಕಗ್ಗಲೀಪುರದಿಂದ ಕರೆ ಬಂತು. ಬೆಳಗಿನ ಬಸ್ಸಿನ ಕಂಡಕ್ಟರು ಯಡಿಯೂರಿನಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಮನೆಯವರೆಗೂ ಬಂದು ಹೇಳಿದ. ಅವನು ಹಾಗೆ ಇಳಿದು ಬಂದದ್ದನ್ನು ನೋಡಿಯೇ ತಿಮ್ಮರಾಯಪ್ಪ ಅಂಗಿ ತೊಡತೊಡಗಿದ. ಗೌರಿಗೆ ಬಾಣಂತಿ ಜ್ವರ. ಮೈ ಕೆಂಡ. ನರ್ಸಮ್ಮ ಬಂದು ನೋಡಿ, ತನ್ನ ಕೈಲಿ ಆಗುವುದಿಲ್ಲ, ಇವತ್ತೇ ಪಟ್ಟಣದ ದೊಡ್ಡಾಸ್ಪತ್ರೆಗೆ ಸೇರಿಸಿ ಸೂಜಿ ಹಾಕಿಸಿದರೆ ಉಳಿಯುತ್ತಾಳೆ ಎಂದಿದ್ದಾಳೆ. ಬಸ್ಸಿನಲ್ಲಿ ಕೂರಿಸುವ ಸ್ಥಿತಿಯಿಲ್ಲ.

ಕಗ್ಗಲೀಪುರದವರೆಗೆ ಪಿಕಪ್ಪು ಒಂದೇ ಸಮ ಓಡಿತು. ಕ್ರಾಸಿನ ನೆನಪಿದ್ದೇ ಅವನು ಎಲ್ಲೂ ನಿಲ್ಲಿಸಲಿಲ್ಲ, ಎಲ್ಲೂ ರಭಸ ಮಾಡಲಿಲ್ಲ. ಹೀಗೇ ವಾಪಸು ಬಂದರೆ ಸಾಕು, ಹೊತ್ತು ನೆತ್ತಿಗೇರುವ ಮುಂಚೆ ಆಸ್ಪತ್ರೆ ಎಂದು ಮನಸ್ಸಿನಲ್ಲೇ ದಾರಿ ಅಳೆದುಕೊಂಡ.

ಮನೆಗಾಡಿಯನ್ನು ಕೊಂಡಿಗೆ ಸಿಕ್ಕಿಸಿ, ಸರಪಣಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಹಿತ್ತಲಿಂದ ರಸ್ತೆಗೆ ತಂದು ಪಟ್ಟಣದ ಕಡೆಗೆ ಮುಖ ಮಾಡಿ ನಿಲ್ಲಿಸಿದ. ಗೌರಿಯನ್ನು ಎತ್ತಿಕೊಂಡು ಬಂದು ಮಂಚದ ಮೇಲೆ, ದಿಂಬು ಇದ್ದ ಕಡೆಗೆ ತಲೆ ಮಾಡಿ ಮಲಗಿಸಿದ. ದಿಂಬು ಯಾವಾಗಲೂ ಇರುತ್ತಿದ್ದದ್ದು ಮೂತಿಯ ಕಡೆಗೆ. ತಲೆಗೆ ಸುತ್ತಿದ್ದ ಬಟ್ಟೆಯೊಳಗೆ ಅವಳ ಮುಖ ಇಷ್ಟೇ ಇಷ್ಟಾಗಿತ್ತು. ಅವನನ್ನು ನೋಡಿ ನಗಲು ನೋಡಿದಳು.

ಕೂಸನ್ನು ಎತ್ತಿಕೊಂಡು ಹಿಂದಿನ ಬಾಗಿಲಿಗೆ ಬಂದ ಸೊಣ್ಣಮ್ಮ ಅಲ್ಲೇ ನಿಂತುಬಿಟ್ಟಳು.

"ತಿಮ್ಮ, ಬಡಗಲಿಗೆ ತಲೆ ಮಾಡಿ ಮಲಗ್ಸಿದ್ಯಲ್ಲೋ!"

ಕಗ್ಗಲೀಪುರದಿಂದ ಪಟ್ಟಣವಿರುವುದು ಉತ್ತರಕ್ಕೆ. ಗಾಡಿ ಹೋಗುವುದೂ ಉತ್ತರಕ್ಕೆ. ಬರುವಾಗ ದಕ್ಷಿಣಕ್ಕೆ ಇದ್ದ ದಿಂಬು ಹೋಗುವಾಗ ಉತ್ತರಕ್ಕಾಗಿತ್ತು. ಮುಂಚಿನ ಪ್ರಯಾಣಗಳಲ್ಲಿ ವಾಪಸು ಬರುವಾಗ ಗೌರಿ ಮಲಗುತ್ತಲೇ ಇರಲಿಲ್ಲ. ಕಿಟಕಿಗೆ ಮೂಗು ಒತ್ತಿಕೊಂಡು ಕೂತೇ ಬರುತ್ತಿದ್ದಳು. ಹಾಗಾಗಿ ಆ ಮಾತು ಯಾರ ತಲೆಗೂ ಬಂದಿರಲಿಲ್ಲ.

"ಅಕ್ಕ, ಓಡೋ ಗಾಡೀಗೆ ಯಾವ ದಿಕ್ಕಕ್ಕ? ರಸ್ತೆ ತಿರುಗ್ದಂಗೆ ಅದೂ ತಿರುಗ್ತದೆ. ಹತ್ತು, ಹೊತ್ತಾಯ್ತದೆ."

"ಹೆಣ ಮಲಗ್ಸೋ ದಿಕ್ಕು ಕಣೋ ಅದು. ಬದುಕ್ಲಿ ಅಂತ ಕರ್ಕೊಂಡೋಗ್ತಿದ್ದೀಯೋ, ಸಾಯ್ಲಿ ಅಂತಾನೋ? ನನ್ನ ಮಗಳ್ನ ಹಂಗೆ ಮಲಗ್ಸೋಕೆ ನಾನ್ ಬಿಡಾಕಿಲ್ಲ. ತೆಂಕಲಿಗೆ ಮಾಡು ತಲೇನ."

ತಲೆಯನ್ನು ಹಿಂದಕ್ಕೆ ಮಾಡಿದರೆ ಅಷ್ಟೇನೂ ಆಗುವುದಿಲ್ಲ ಎಂದು ತಿಮ್ಮರಾಯಪ್ಪ ಲೆಕ್ಕ ಹಾಕಿದ. ಗೌರಿ ಈಗ ಎಷ್ಟು ಭಾರ ಇದ್ದಾಳು? ಹೂವಿನಷ್ಟು. ದಿಂಬನ್ನು ಬಾಗಿಲ ಕಡೆಗೆ ಹಾಕಿ ಅವಳನ್ನು ತಿರುಗಿಸಿ ಮಲಗಿಸಿದ. ಆಗ ಸೊಣ್ಣಮ್ಮ ಇನ್ನೊಂದನ್ನು ಕಂಡಳು. ಮಗಳ ಕಾಲು ಮೂತಿಯಲ್ಲಿದ್ದ ಒರಳುಕಲ್ಲಿಗೆ ತಾಕುತ್ತಿತ್ತು.

"ಅಯ್ಯೋ, ಅನ್ನ ಕೊಡೋ ಕಲ್ಲು. ಇಂಥ ಹೊತ್ನಾಗೆ ಅದನ್ನ ಒದೀತಾ ಹೋಗೋದಾ? ಎತ್ತಿ ಈ ಕಡೆ ಹಾಕ್ರಪ್ಪ."

"ಅಕ್ಕ, ಕಲ್ಲು ಅಲ್ಲೇ ಇರ್ಬೇಕು. ಗಾಡಿ ನೆಟ್ಟಗೆ ಬರಾಕಿಲ್ಲ."

"ನಿನ್ನ ಗಾಡಿ ದೊಡ್ಡದೋ, ಅವಳು ದೊಡ್ಡವಳೋ?"

ತಿಮ್ಮರಾಯಪ್ಪ ಗಾಡಿಯ ಲೆಕ್ಕ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಗೌರಿ ಅವನ ಅಂಗಿಯ ತೋಳು ಹಿಡಿದಳು. ಬೆರಳು ಸುಡುತ್ತಿತ್ತು.

"ಮಾವ, ಅವ್ವ ಹೇಳ್ದಂಗೆ ಮಾಡು. ನಂಗೆ ಭಯ ಆಯ್ತದೆ."

ಅವಳು ಅವನನ್ನು ಏನು ಕೇಳಿದ್ದರೂ ಕೊಟ್ಟವನು. ಊರವರ ನಗೆಗೆ ಹೆದರದೆ ಚಕ್ರದ ಮನೆಯನ್ನೇ ತಂದವನು. ಅವತ್ತು ಅವಳು ಕೇಳಿದ್ದು ಒಂದು ಕಲ್ಲನ್ನು ಇಲ್ಲಿಂದ ಅಲ್ಲಿಗೆ ಇಡಲು. ಪಕ್ಕದ ಮನೆಯ ಇಬ್ಬರು ಗಂಡಸರು ಬಂದು ಹಗ್ಗ ಬಿಚ್ಚಿ, ಒರಳುಕಲ್ಲನ್ನು ಎತ್ತಿ ಹಿಂದಿನ ಬಾಗಿಲ ಮೂಲೆಯಲ್ಲಿ ಇಟ್ಟು ಬಿಗಿದರು. ಮಗಳ ತಲೆಯ ಪಕ್ಕ ಇರಬೇಕೆಂದು ಸೊಣ್ಣಮ್ಮನೂ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲೇ ಕೂತಳು. ಕುಡಿಯುವ ನೀರಿನ ಕೊಡವನ್ನೂ ತನ್ನ ಪಕ್ಕಕ್ಕೇ ಎಳೆದುಕೊಂಡಳು. ಬಾಲ ಇಷ್ಟು ಭಾರವಾದದ್ದನ್ನು ತಿಮ್ಮರಾಯಪ್ಪ ಕಣ್ಣಾರೆ ನೋಡಿದ. ಕೊಂಡಿಯ ಹತ್ತಿರ ಪಿಕಪ್ಪಿನ ಹಿಂಭಾಗ ಒಂದಿಷ್ಟು ಮೇಲೆದ್ದದ್ದೂ ಅವನಿಗೆ ಕಂಡಿತು. ನಿಧಾನವಾಗಿ ಹೋದರಾಯಿತು ಅಂದುಕೊಂಡ.

ಕಗ್ಗಲೀಪುರ ದಾಟಿ ಮೊದಲ ಇಳಿಜಾರಿನಲ್ಲೇ ಶುರುವಾಯಿತು. ಮೊದಲು ಹಿಂದಿನಿಂದ ಯಾರೋ ಮೆಲ್ಲಗೆ ತಟ್ಟಿದ ಹಾಗೆ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಮನೆಗಾಡಿ ಒಮ್ಮೆ ಎಡಗಡೆ ಕಾಣುತ್ತದೆ, ಒಮ್ಮೆ ಬಲಗಡೆ ಕಾಣುತ್ತದೆ. ಸ್ಟೀರಿಂಗು ಅವನ ಮಾತು ಕೇಳುವುದನ್ನು ಬಿಟ್ಟು ಹಿಂದಿನದರ ಮಾತು ಕೇಳತೊಡಗಿತು. ತಿಮ್ಮರಾಯಪ್ಪ ಬ್ರೇಕು ತುಳಿಯಲಿಲ್ಲ. ಕಾಲು ತೆಗೆದು, ಹಲ್ಲು ಕಚ್ಚಿ, ಅದಾಗಿಯೇ ನಿಧಾನವಾಗಲು ಬಿಟ್ಟ. ಅಲುಗಾಟ ನಿಂತಿತು. ಒಳಗಿಂದ ಕೂಸಿನ ಅಳು ಕೇಳಿಸಿತು. ಮತ್ತೆ ಗಾಡಿಯನ್ನು ಎಳೆದಾಗ ಹೊಟ್ಟೆಯ ಕೆಳಗೆ ಟಣ್ ಎಂದಿತು.

ಹೀಗೇ ಆಯಿತು ದಾರಿಯುದ್ದಕ್ಕೂ. ಸ್ವಲ್ಪ ವೇಗ ಕೊಟ್ಟರೆ ಬಾಲ ಕುಣಿಯುವುದು, ಕಾಲು ತೆಗೆಯುವುದು, ಗಾಡಿ ಸೋಲುವುದು, ಮತ್ತೆ ಎಳೆಯುವುದು, ಟಣ್. ಒಂದೇ ಸಮ ಹೋಗು ಎಂದಿದ್ದ ಗುರುಶಾಂತಪ್ಪ. ಹೇಗೆ ಹೋಗುವುದು ಒಂದೇ ಸಮ?

ತಲಘಟ್ಟಪುರದ ಹತ್ತಿರ ತಡೆಯಲಾರದೆ ಪಕ್ಕಕ್ಕೆ ನಿಲ್ಲಿಸಿದ. ಹಿಂದೆ ಹೋಗಿ ಬಾಗಿಲು ತೆರೆದ. ಒರಳುಕಲ್ಲಿನ ಮೇಲೆ ಕೈ ಇಟ್ಟು ನಿಂತ.

"ಅಕ್ಕ, ಇದನ್ನ ಮುಂದಕ್ಕೆ ಹಾಕ್ಬೇಕು. ಯಾರಾದ್ರೂ ಬರೋತಂಕ ಕಾಯ್ತೀನಿ, ಇಬ್ರು ಹಿಡುದ್ರೆ ಆಯ್ತದೆ. ನೀನು ಕೂಸ್ನ ಎತ್ಕೊಂಡು ಇಳಿ."

ಸೊಣ್ಣಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಈಗ್ ತಾನೆ ಕಣ್ ಮುಚ್ಚವ್ಳೆ ಕಣೋ. ದಡಬಡ ಮಾಡಿ ಎಬ್ಬಿಸ್ಬೇಡ. ಕಲ್ಲಿಗೆ ಕಾಯ್ತಾ ಕೂತ್ಕೋತೀಯಾ? ನಡಿ, ಬಿರ್ರನೆ ನಡಿ."

ಗೌರಿ ಮಲಗಿರಲಿಲ್ಲ. ಕಣ್ಣು ಅರೆ ತೆರೆದು ನೋಡಿದಳು. "ಬಂದ್ಬಿಟ್ವಾ ಮಾವ?"

"ಬಂದ್ವಿ. ಇನ್ನೇನು ಬಂದೇ ಬಿಟ್ವಿ," ಎಂದ ಅವನು. ಬಾಗಿಲು ಮುಚ್ಚಿದ. ಹಗ್ಗ ಬಿಚ್ಚಿ ಆ ಕಲ್ಲನ್ನು ಒಬ್ಬನೇ ಬಾಗಿಲಿಂದ ರಸ್ತೆಗೆ ಉರುಳಿಸಿಬಿಡಬಹುದಿತ್ತಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅರಿಶಿನ ಕುಂಕುಮ ಇಟ್ಟ ಕಲ್ಲನ್ನು, ಗೌರಿಯ ಕಲ್ಲನ್ನು, ಬೀದಿಗೆ ಎಸೆಯುವ ಯೋಚನೆ ಅವನಂಥವನಿಗೆ ಬರುವುದಾದರೂ ಹೇಗೆ? ಮತ್ತೆ ಗಾಡಿ ಎಳೆದ.

ಕೋಣನಕುಂಟೆ ದಾಟಿ ಜರಗನಹಳ್ಳಿಯ ಏರಿನಲ್ಲಿ ಎದುರಿಗೊಂದು ಎತ್ತಿನಗಾಡಿ ಬಂತು. ದಾರಿ ಬಿಡಲು ತಿಮ್ಮರಾಯಪ್ಪ ಪಕ್ಕಕ್ಕೆ ಸರಿದ, ಬಾಲ ಹೊರಳಿತು, ಗಾಡಿ ನಿಂತೇ ಹೋಯಿತು. ಏರಿನಲ್ಲಿ ನಿಂತ ಭಾರವನ್ನು ಮತ್ತೆ ಎಳೆಯಬೇಕು. ಕ್ಲಚ್ಚಿನಿಂದ ಕಾಲನ್ನು ಹತ್ತಿಯ ಮೇಲಿಂದ ತೆಗೆಯುವಷ್ಟು ಮೆತ್ತಗೆ ತೆಗೆದ. ಆದರೆ ಟಣ್ ಅನ್ನಲಿಲ್ಲ ಈ ಸಲ. ಫಟ್ ಎಂದಿತು. ಹೊಟ್ಟೆಯ ಕೆಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು. ಇಂಜಿನ್ನು ಸುಮ್ಮನೆ ಕೂಗುತ್ತಿತ್ತು, ಚಕ್ರ ಮಾತ್ರ ಅಲುಗಲಿಲ್ಲ.

ಅವನು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಎತ್ತಿನಗಾಡಿಯವನು ನಿಂತು ನೋಡಿದ, ತನ್ನ ಗಾಡಿಯಲ್ಲಿ ಹಾಕಿಕೊಂಡು ಹೋಗಲೇ ಎಂದ. ಎತ್ತುಗಳು ಆಸ್ಪತ್ರೆ ಮುಟ್ಟುವುದು ಯಾವಾಗ? ಜಲ್ಲಿಯ ರಸ್ತೆಯಲ್ಲಿ ಆ ಕುಲುಕಾಟವನ್ನು ಗೌರಿ ತಾಳುವುದು ಹೇಗೆ? ಸೈಕಲ್ಲಿನಲ್ಲಿ ಬಟ್ಟೆಯ ಗಂಟು ಹೇರಿಕೊಂಡು ಬರುತ್ತಿದ್ದ ಕರಿಬಸವಯ್ಯ ಎಂಬ ವ್ಯಾಪಾರಿ ವಿಷಯ ಕೇಳಿದ ಕೂಡಲೇ ಗಂಟನ್ನು ಅಲ್ಲೇ ದಾರಿಯಲ್ಲಿ ಇಳಿಸಿದರು.

"ಜಯನಗರದಾಗೆ ಒಬ್ರು ಕಾರಿನವರು ಗೊತ್ತು. ಕರ್ಕೊಂಡೇ ಬರ್ತೀನಿ. ನೀವು ಧೈರ್ಯ ಬಿಡ್ಬ್ಯಾಡಿ," ಎಂದು ಸೈಕಲ್ಲು ತುಳಿದುಕೊಂಡು ಹೋದರು.

ಕಾರನ್ನು ನಂಬಿ ಕೂರಲು ತಿಮ್ಮರಾಯಪ್ಪನಿಗೆ ಆಗಲಿಲ್ಲ. ಸ್ಪ್ಯಾನರು ಹಿಡಿದು ಪಿಕಪ್ಪಿನ ಕೆಳಗೆ ನುಸುಳಿದ. ಮುರಿದ ಶಾಫ್ಟು ಒಂದು ತುದಿಗೆ ಜೋತುಬಿದ್ದಿತ್ತು. ಇನ್ನೊಂದು ತುದಿಯ ಬೋಲ್ಟುಗಳನ್ನು ಬಿಚ್ಚಿ ಅದನ್ನು ತೆಗೆದುಬಿಟ್ಟರೆ ಮುಂದಿನ ಚಕ್ರಗಳ ಎಳೆತದಲ್ಲಿ ಆಸ್ಪತ್ರೆ ಸೇರಬಹುದು. ಬೋಲ್ಟುಗಳು ಎಷ್ಟೋ ವರ್ಷದ ಮಣ್ಣು ಜಿಡ್ಡು ತಿಂದು ಗಟ್ಟಿಯಾಗಿದ್ದವು. ಮೊದಲನೆಯದು ಬಂತು. ಎರಡನೆಯದಕ್ಕೆ ಕೈಯ ಚರ್ಮ ಕಿತ್ತುಬಂತು. ಕಣ್ಣಿಗೆ ಮಣ್ಣು ಉದುರುತ್ತಿತ್ತು. ಅವನ ತಲೆಯ ಹಿಂದೆ, ಕೊಂಡಿಯ ಆಚೆ, ಹಲಗೆಯ ಮೇಲೆ, ಅಕ್ಕ ಮಗಳನ್ನು ಮಾತಾಡಿಸುತ್ತಿದ್ದದ್ದು ಕೇಳುತ್ತಿತ್ತು.

"ಗೌರಿ, ಒಂಚೂರು ನೀರು ಕುಡಿ ಮಗಾ. ನೋಡಿಲ್ಲಿ, ನಿನ್ ಮಗಳು ನೋಡು ಹೆಂಗೆ ನೋಡ್ತವ್ಳೆ. ಗೌರಿ..."

ಕೂಸು ಅಳುತ್ತಿತ್ತು. ಮೂರನೆಯ ಬೋಲ್ಟು ಅಲುಗಿತು. ಬಂತು, ಬಂತು ಎಂದು ಅವನು ತನಗೆ ತಾನೇ ಹೇಳಿಕೊಂಡ.

"ಗೌರೀ."

ಆ ಕೂಗು ಬೇರೆಯಾಗಿತ್ತು. ತಿಮ್ಮರಾಯಪ್ಪನ ಕೈ ನಿಂತಿತು. ಅಕ್ಕ ಮತ್ತೆ ಕೂಗಲಿಲ್ಲ. ಕೂಸೊಂದೇ ಅಳುತ್ತಿತ್ತು. ಹೊರಗೆ ಬಂದು ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಕೆಳಗೇ ಮಲಗಿ ಉಳಿದ ಬೋಲ್ಟನ್ನು ಬಿಚ್ಚಿದ. ಶಾಫ್ಟು ಎದೆಯ ಮೇಲೆ ಬಿತ್ತು. ಅದು ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಕೆಲಸ ಮುಗಿಯಿತು, ಇನ್ನು ಹೊರಡಬಹುದು ಎಂದು ಗಟ್ಟಿಯಾಗಿಯೇ ಅಂದ, ಹಾಗೆ ಅಂದರೆ ಅಲ್ಲಿ ಆಗಿದ್ದು ಆಗದೇ ಹೋಗುತ್ತದೆ ಎಂಬಂತೆ. ಆಮೇಲೆ ಅಲ್ಲೇ, ಎಣ್ಣೆ ಜಿಡ್ಡಿನ ಕತ್ತಲೆಯಲ್ಲಿ, ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಅತ್ತ.

ಅವನು ಬಾಗಿಲ ಹತ್ತಿರ ಬಂದಾಗ ಸೊಣ್ಣಮ್ಮ ಮಗಳ ಕಣ್ಣು ಮುಚ್ಚಿ, ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಕೂದಲು ನೀವುತ್ತಿದ್ದಳು. ನೀವುತ್ತಲೇ ಅಂದಳು.

"ಇನ್ನು ಬಡಗಲಿಗೆ ಮಾಡು ತಲೇನ, ತಿಮ್ಮ."

ಅವನು ಒಳಗೆ ಬಂದು ಗೌರಿಯನ್ನು ಎತ್ತಿಕೊಂಡ. ಮೈ ಇನ್ನೂ ಬಿಸಿಯಾಗಿತ್ತು. ಜ್ವರದ ಬಿಸಿಯೋ ಜೀವದ ಬಿಸಿಯೋ ಯಾರಿಗೆ ಗೊತ್ತು. ಅವಳನ್ನು ತಿರುಗಿಸಿ, ತಲೆ ಮೂತಿಯ ಕಡೆ ಬರುವಂತೆ ಮಲಗಿಸಿದ. ದಿಂಬು ಮೊದಲಿದ್ದ ಕಡೆಗೆ ಹೋಯಿತು. ಸೊಣ್ಣಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಮಗಳ ತಲೆಯ ಪಕ್ಕಕ್ಕೆ ಹೋಗಿ ಕೂತಳು. ಆಮೇಲೆ ಮಗಳ ಕಾಲ ಕಡೆ ನೋಡಿದಳು.

"ಕಲ್ಲು ಕಾಲತ್ರ ಆಯ್ತಲ್ಲೋ. ಎತ್ತಿ ಈಚೆಗಿಡು. ಹೋಗೋವಾಗ್ಲೂ ಅನ್ನದ ಕಲ್ಲು ಒದ್ಕೊಂಡು ಹೋಗೋದು ಬ್ಯಾಡ ನನ್ ಕೂಸು."

ಅಲ್ಲೇ ನಿಂತಿದ್ದ ಎತ್ತಿನಗಾಡಿಯವನು ಒಂದು ಕಡೆ, ತಿಮ್ಮರಾಯಪ್ಪ ಒಂದು ಕಡೆ ಹಿಡಿದು ಒರಳುಕಲ್ಲನ್ನು ಎತ್ತಿ ಮೂತಿಯ ಕಡೆಗೆ ಒಯ್ದರು. ಅದರದೇ ಜಾಗದಲ್ಲಿ ಇಟ್ಟರು. ಹಲಗೆಯ ಮೇಲೆ ಅದು ಕೂತು ಕೂತು ಆದ ಗುಂಡನೆಯ ಗುರುತಿತ್ತು. ಕಲ್ಲು ಆ ಗುರುತಿನಲ್ಲಿ ಸರಿಯಾಗಿ ಕೂತಿತು. ತಿಮ್ಮರಾಯಪ್ಪ ಹಳೆಯ ಗಂಟಿನಲ್ಲೇ ಹಗ್ಗ ಬಿಗಿದ.

ಕರಿಬಸವಯ್ಯ ಕಾರಿನವರನ್ನು ಕರೆತಂದಾಗ ಅವರು ಹೊರಡುವುದರಲ್ಲಿದ್ದರು. ಕಾರಿನಿಂದ ಇಳಿದವರು ಒಳಗೆ ಇಣುಕಿ ನೋಡಿ, ಟೋಪಿ ತೆಗೆದು ನಿಂತರು. ಮದುವೆಯಾಗಿ ಹೋದವಳ ಹೆಣ ಗಂಡನ ಮನೆಗೇ ಹೋಗಬೇಕು. ತಿಮ್ಮರಾಯಪ್ಪ ಮುಂದಿನ ಚಕ್ರಗಳಿಗೆ ಗೇರು ಹಾಕಿ ಪಿಕಪ್ಪನ್ನು ಎಳೆದ. ಸದ್ದಿಲ್ಲದೆ ಮುಂದಕ್ಕೆ ಹೊರಟಿತು.

ಏರು ದಾಟಿತು. ಸಾರಕ್ಕಿಯ ಇಳಿಜಾರು ಬಂತು. ಅವನು ಕನ್ನಡಿಯಲ್ಲಿ ನೋಡಿದ. ಮನೆಗಾಡಿ ನೆಟ್ಟಗೆ ಬರುತ್ತಿತ್ತು. ಕೊಂಚ ವೇಗ ಕೊಟ್ಟ. ಆಗಲೂ ನೆಟ್ಟಗೆ. ಇನ್ನೂ ಕೊಟ್ಟ. ಮುತ್ತತ್ತಿಯಿಂದ ಅವಳು ಕಿಟಕಿಗೆ ಮೂಗು ಒತ್ತಿಕೊಂಡು ಬಂದ ದಿನದ ಹಾಗೆ, ಗೆರೆ ಎಳೆದ ಹಾಗೆ ಬರುತ್ತಿತ್ತು. ಒಂದು ಸಲ ಅಲ್ಲಾಡು ಎಂದು ಅವನು ಬೇಡಿಕೊಂಡ. ದೇವರೇ, ಒಂದೇ ಒಂದು ಸಲ ಅಲ್ಲಾಡಿಸು. ಅಲ್ಲಾಡಿದ್ದರೆ ತಪ್ಪು ರಸ್ತೆಯದು ಎನ್ನಬಹುದಿತ್ತು, ಚಕ್ರದ್ದು ಎನ್ನಬಹುದಿತ್ತು, ಹಣೆಬರಹದ್ದು ಎನ್ನಬಹುದಿತ್ತು. ಅದು ಅಲ್ಲಾಡಲಿಲ್ಲ. ದಾರಿಯುದ್ದಕ್ಕೂ ಅತ್ತಿದ್ದ ಕೂಸು ಕೂಡ ಆ ಸಮನಾದ ಓಟಕ್ಕೆ ನಿದ್ದೆ ಹೋಗಿತ್ತು.

ಬನಶಂಕರಿ ಗುಡಿಯ ಹತ್ತಿರ ಗುರುಶಾಂತಪ್ಪ ಗ್ಯಾರೇಜಿನಿಂದ ಓಡಿ ಬಂದ. ಕೈಯಲ್ಲಿ ಎಣ್ಣೆ ಕಾಗದದಲ್ಲಿ ಸುತ್ತಿದ ಏನನ್ನೋ ಎತ್ತಿ ತೋರಿಸುತ್ತಿದ್ದ. ಕ್ರಾಸು ಸಿಕ್ಕಿತ್ತು. ತಿಮ್ಮರಾಯಪ್ಪ ಗಾಡಿ ನಿಲ್ಲಿಸಲಿಲ್ಲ. ಅವನ ಮುಖ ನೋಡಿ ಗುರುಶಾಂತಪ್ಪನ ಕೈ ತಾನಾಗಿ ಕೆಳಗಿಳಿಯಿತು.

ಯಡಿಯೂರಿನ ಮನೆಯ ಮುಂದೆ ಜನ ಸೇರಿದರು. ಬಸವನಹುಳ ಎಂದು ನಕ್ಕಿದ್ದ ಹೆಂಗಸರೇ ಸೆರಗು ಬಾಯಿಗಿಟ್ಟುಕೊಂಡು ಬಂದರು. ಯಾರೋ ಕೂಸನ್ನು ಇಸಿದುಕೊಂಡರು. ಸೊಣ್ಣಮ್ಮ ಕೆಳಗಿಳಿದು ಮನೆಗಾಡಿಯ ಮೂತಿಯ ಮೇಲೆ ಕೈಯಿಟ್ಟು ನಿಂತಳು. ತಮ್ಮನನ್ನು ಹತ್ತಿರ ಕರೆದಳು.

"ಈಗೆಷ್ಟು ಚೆನ್ನಾಗ್ ಬಂತಲ್ಲೋ ತಿಮ್ಮ. ಒಂಚೂರೂ ಕುಲುಕ್ಲಿಲ್ಲ. ಆಗ್ಯಾಕೋ ಹಂಗೆ ಕುಣೀತು? ಆಗ್ಲೂ ಹಿಂಗೇ ಬಂದಿದ್ರೆ ಮುಟ್ತಿದ್ವಲ್ಲೋ. ಯಾಕ್ ಬರ್ಲಿಲ್ಲ, ಹೇಳು?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದಳು. ಅವಳ ಕೈಯಿದ್ದ ಹಲಗೆಯ ಆ ಬದಿಗೇ ಒರಳುಕಲ್ಲು ಇತ್ತು. ತಿಮ್ಮರಾಯಪ್ಪನಿಗೆ ಉತ್ತರ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ತನ್ನನ್ನು ಸಾಕಿದ ಈ ಹೆಂಗಸು ಉಳಿದ ಆಯುಸ್ಸನ್ನೆಲ್ಲ ಹೇಗೆ ಕಳೆಯುತ್ತಾಳೆ ಎಂಬುದೂ ಗೊತ್ತಿತ್ತು.

"ಕ್ರಾಸು ಹೋಗಿತ್ತಕ್ಕ," ಎಂದ. "ಅದ್ಕೇ ಕುಣೀತಿತ್ತು. ವಾರದಿಂದ ಸದ್ದು ಮಾಡ್ತಿತ್ತು. ನಾನೇ ಮಾಡಿಸ್ಲಿಲ್ಲ."

"ಗೊತ್ತಿದ್ದೂ ಮಾಡಿಸ್ಲಿಲ್ವಾ?"

"ಗೊತ್ತಿದ್ದೂ ಮಾಡಿಸ್ಲಿಲ್ಲ."

ಸೊಣ್ಣಮ್ಮ ಅವನ ಎದೆಗೆ ಹೊಡೆದಳು. ಒಂದು ಕೈಯಲ್ಲಿ, ಆಮೇಲೆ ಎರಡೂ ಕೈಯಲ್ಲಿ. ಕೊಂದ್ಯಲ್ಲೋ, ಎತ್ತಿ ಆಡಿಸಿದ ಕೈಯಲ್ಲೇ ಕೊಂದ್ಯಲ್ಲೋ ಎಂದು ಊರೆಲ್ಲ ಕೇಳುವಂತೆ ಕೂಗಿದಳು. ಬಿಡಿಸಲು ಬಂದವರನ್ನು ತಿಮ್ಮರಾಯಪ್ಪ ಕಣ್ಣಿನಿಂದಲೇ ತಡೆದು, ಅಲುಗದೆ ನಿಂತ. ಹೊಡೆದು ಹೊಡೆದು ಕೈ ಸೋತ ಮೇಲೆ ಅವಳು ಅದೇ ಎದೆಗೆ ಒರಗಿಕೊಂಡು ಅತ್ತಳು.